ಹೊಸ ನಿಂಜಾ 1100ಎಸ್‌ಎಕ್ಸ್: ನಮ್ಮ ಮೈಸೂರು–ಮಂಡ್ಯ ರಸ್ತೆಗೆ ಈ ಬದಲಾವಣೆ ಸರಿ ಹೋಗುತ್ತದಾ?

ಬೋಗಾದಿ ಸವಾರ

ಕವಾಸಾಕಿಯವರು ಹೊರದೇಶದಲ್ಲಿ ನಿಂಜಾ 1100ಎಸ್‌ಎಕ್ಸ್ ಅನ್ನುವ ದೂರ ಪ್ರಯಾಣದ ಬೈಕು ತೋರಿಸಿಯಾಯಿತು. ಹಳೆಯ 1000ಎಸ್‌ಎಕ್ಸ್‌ನ ಮುಂದಿನ ಮಾದರಿ ಇದು. 2024 ಮುಗಿಯುತ್ತಾ ಬಂದರೂ ಇಲ್ಲಿಗೆ ಯಾವಾಗ, ಎಷ್ಟಕ್ಕೆ ಅಂತ ಇನ್ನೂ ಬಾಯಿ ಬಿಟ್ಟಿಲ್ಲ. ನಮ್ಮ ಮೈಸೂರು, ಮಂಡ್ಯ ಕಡೆ ಇದಕ್ಕೆ ಕಾಯುತ್ತಿರುವವರು ಸುಮಾರು ಜನ ಇದ್ದೀರಿ. ಬಿಡಿಬಿಡಿಯಾಗಿ ಮಾತಾಡುವ ಬದಲು ಒಂದೇ ಕಡೆ ಮಾತಾಡೋಣ ಅಂತ ಶುರು ಮಾಡಿದ್ದೇನೆ.

ಬದಲಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಎಂಜಿನ್ 1043 ಸಿಸಿಯಿಂದ 1099 ಸಿಸಿಗೆ ಏರಿದೆ. ಟಾರ್ಕ್, ಅಂದರೆ ತಿರುಗಿಸುವ ಬಲ, 111ರಿಂದ 113 ಎನ್‌ಎಂ ಆಗಿದೆ. ಅದೂ 8000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ತನಕ ಕಾಯಬೇಕಿಲ್ಲ, 7600ಕ್ಕೇ ಸಿಗುತ್ತದೆ. ಪವರ್ ಮಾತ್ರ, ಕುದುರೆಶಕ್ತಿ ಲೆಕ್ಕದಲ್ಲಿ, 142ರಿಂದ 136 ಪಿಎಸ್‌ಗೆ ಇಳಿದಿದೆ. ಐದನೇ, ಆರನೇ ಗೇರ್ ಉದ್ದ ಮಾಡಿದ್ದಾರೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಕಮ್ಮಿ ಸುತ್ತು ತಿರುಗಿದರೆ ಸಾಕು. ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುವ ಕ್ವಿಕ್‌ಶಿಫ್ಟರ್ ಮೊದಲು 2500 ಆರ್‌ಪಿಎಂ ದಾಟಿದ ಮೇಲೆ ಕೆಲಸ ಮಾಡುತ್ತಿತ್ತು, ಈಗ 1500ರಿಂದಲೇ ಮಾಡುತ್ತದೆ. ಹಿಂಚಕ್ರದ ಬ್ರೇಕ್ ಡಿಸ್ಕ್ 250ರಿಂದ 260 ಮಿ.ಮೀ. ಆಗಿದೆ. ಹ್ಯಾಂಡಲ್ ಮೇಲೆ ಯುಎಸ್‌ಬಿ-ಸಿ ಪೋರ್ಟ್ ಬಂದಿದೆ. ಫ್ರೇಮು, 19 ಲೀಟರ್ ಟ್ಯಾಂಕು, ಒಟ್ಟು ಆಕಾರ ಹೆಚ್ಚುಕಡಿಮೆ ಹಳೆಯದೇ.

ನನ್ನ ಹತ್ತಿರ ಇರುವುದು ಹಳೆಯ 1000ಎಸ್‌ಎಕ್ಸ್. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಈ ಸಲ ಮಾಡಿರುವ ಬದಲಾವಣೆ ನಮ್ಮ ರಸ್ತೆಗೆ ಬೇಕಾಗಿದ್ದ ಬದಲಾವಣೆಯೇ. ಆರು ಪಿಎಸ್ ಹೋಯಿತು ಅಂತ ಎಲ್ಲ ಕಡೆ ಬೇಜಾರು ಮಾಡಿಕೊಳ್ಳುತ್ತಿದ್ದಾರೆ. ಆ ಆರು ಪಿಎಸ್ ಇದ್ದದ್ದು 10,000 ಆರ್‌ಪಿಎಂ ಹತ್ತಿರ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋಗುವಾಗ ನಾನು ಯಾವತ್ತೂ ಆ ಜಾಗ ಮುಟ್ಟಿಲ್ಲ. ನಮಗೆ ಬೇಕಿರುವುದು ಬೇರೆ. ಎದುರಿಗೆ ಕೇರಳದ ಲಾರಿ, ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು. ಓವರ್‌ಟೇಕ್ ಮಾಡಲು ಸಿಗುವ ಜಾಗ ಚಿಕ್ಕದು. ಆಗ ನಾಲ್ಕನೇ ಗೇರಿನಲ್ಲಿದ್ದವರು ಎರಡಕ್ಕೆ ಇಳಿಸದೆ ಸುಮ್ನೆ ಆಕ್ಸಿಲರೇಟರ್ ತಿರುವಿದರೆ ಗಾಡಿ ಎಳೆಯಬೇಕು. ಹೊಸ ಎಂಜಿನ್ ಅದನ್ನು ಕೊಡುತ್ತದೆ ಅಂತ ನನ್ನ ನಂಬಿಕೆ.

ಬಂಡೀಪುರದ ಕಾಡು ರಸ್ತೆ ಇನ್ನೊಂದು ಉದಾಹರಣೆ. ಅಲ್ಲಿ ಹಂಪ್ ಮೇಲೆ ಹಂಪ್. ಇರಲೇಬೇಕು, ಅದು ಪ್ರಾಣಿಗಳ ಜಾಗ. ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಹಳೆಯ ಗಾಡಿಯಲ್ಲಿ ಇಷ್ಟು ಕಡಿಮೆ ಆರ್‌ಪಿಎಂನಲ್ಲಿ ಕ್ವಿಕ್‌ಶಿಫ್ಟರ್ ಕೈಕೊಡುತ್ತದೆ, ಕ್ಲಚ್ ಹಿಡಿಯಲೇಬೇಕು. ಗೂಡಲೂರು ತಲುಪುವ ಹೊತ್ತಿಗೆ ಎಡಗೈ ಮಣಿಕಟ್ಟು ನೋಯುತ್ತಿರುತ್ತದೆ. 1500ಕ್ಕೇ ಕೆಲಸ ಮಾಡುವ ಕ್ವಿಕ್‌ಶಿಫ್ಟರ್ ಅಂದರೆ ಕಾಗದದ ಮೇಲೆ ಸಣ್ಣ ವಿಷಯ. ಆ ರಸ್ತೆಯಲ್ಲಿ ಓಡಿಸಿದವರಿಗೆ ಮಾತ್ರ ಅದರ ಬೆಲೆ ಗೊತ್ತು.

ನೀವೆಲ್ಲ ಏನು ಹೇಳುತ್ತೀರಿ?


ಗುತ್ತಲು ಹುಡುಗ

ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ, ಆದರೂ ಮನಸ್ಸು ಒಪ್ಪುತ್ತಿಲ್ಲ. ಸಿಸಿ ಜಾಸ್ತಿ ಆಗಿ ಪವರ್ ಕಮ್ಮಿ ಆಗುವುದು ಹೇಗೆ? ದೊಡ್ಡ ಎಂಜಿನ್ ಕೊಟ್ಟು ಕಟ್ಟಿಹಾಕಿದ ಹಾಗಲ್ವಾ ಇದು? ಇದಕ್ಕಾಗಿ ದುಡ್ಡು ಕೂಡಿಡುತ್ತಿರುವವನು ನಾನು. ಹಳೆಯ 1000ಎಸ್‌ಎಕ್ಸ್ ಒಂದು ಒಳ್ಳೆ ಸೆಕೆಂಡ್‌ಹ್ಯಾಂಡ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಲಾ ಅನ್ನಿಸುತ್ತಿದೆ.


ಲಷ್ಕರ್ ಮೊಹಲ್ಲಾ ಗ್ಯಾರೇಜು

ತಮ್ಮಾ, ಕಟ್ಟಿಹಾಕಿಲ್ಲ. ಲೆಕ್ಕ ನೋಡು. ಸಿಲಿಂಡರಿನ ಅಗಲ ಮೊದಲಿನ ಹಾಗೇ 77 ಮಿ.ಮೀ. ಇದೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಅದೇ ಸ್ಟ್ರೋಕ್, 56ರಿಂದ 59 ಮಿ.ಮೀ. ಆಗಿದೆ. 1099 ಸಿಸಿ ಬಂದಿರುವುದು ಅಲ್ಲಿಂದ. ಸ್ಟ್ರೋಕ್ ಉದ್ದ ಆದರೆ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಅದನ್ನು ತಿರುಗಿಸುವ ಬಲ ಕೆಳಗಿನಿಂದಲೇ ಜಾಸ್ತಿ ಸಿಗುತ್ತದೆ. ಸೈಕಲ್ಲಿಗೆ ಉದ್ದ ಪೆಡಲ್ ಕಡ್ಡಿ ಹಾಕಿಸಿದರೆ ಏರಿನಲ್ಲಿ ತುಳಿಯುವುದು ಹಗುರ ಆಗುತ್ತದಲ್ಲ, ಹಾಗೆ. ಆದರೆ ಪಿಸ್ಟನ್ ಒಂದೊಂದು ಸುತ್ತಿಗೂ ಹೆಚ್ಚು ದೂರ ಓಡಬೇಕು. ಹಾಗಾಗಿ ಎಂಜಿನ್ನನ್ನು ಮೊದಲಿನಷ್ಟು ಮೇಲಕ್ಕೆ ಅರಚಿಸುವುದಿಲ್ಲ. ಮೊದಲು ಪೂರ್ತಿ ಪವರ್ 10,000ದಲ್ಲಿ ಬರುತ್ತಿತ್ತು, ಈಗ 9,000ದಲ್ಲೇ ಬರುತ್ತದೆ. ಪವರ್ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದ್ದು. ಸುತ್ತು ಕಮ್ಮಿ ಆದರೆ ಸಂಖ್ಯೆ ಕಮ್ಮಿ ಆಗುತ್ತದೆ, ಅಷ್ಟೇ.

ನಾಲ್ಕು ಸಿಲಿಂಡರ್ ಎಂಜಿನ್ನು ಕಡಿಮೆ ಸುತ್ತಿನಲ್ಲಿ ತಿರುಗಿದಷ್ಟೂ ಬಾಳಿಕೆಗೆ ಒಳ್ಳೆಯದು. ಉದ್ದನೆಯ ಆರನೇ ಗೇರು ಇದ್ದರೆ 100ರಲ್ಲಿ ಹೋಗುವಾಗ ಎಂಜಿನ್ ತಣ್ಣಗೆ ಕೂತಿರುತ್ತದೆ. ಹ್ಯಾಂಡಲ್ ನಡುಕ ಕಮ್ಮಿ, ಪೆಟ್ರೋಲ್ ಖರ್ಚು ಕಮ್ಮಿ. ದೂರ ಹೋಗುವವನಿಗೆ ಬೇಕಿರುವುದು ಅದೇ.

ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡರೂ ತಪ್ಪಲ್ಲ. 2020ರ ನಂತರದ ಮಾದರಿಯನ್ನೇ ನೋಡು. ಬಣ್ಣದ ಟಿಎಫ್‌ಟಿ ಮೀಟರು, ಕ್ರೂಸ್ ಕಂಟ್ರೋಲ್, ಕ್ವಿಕ್‌ಶಿಫ್ಟರ್ ಅದರಲ್ಲಿ ಬಂದವು. ಸರ್ವಿಸ್ ದಾಖಲೆ ಇಲ್ಲದಿದ್ದರೆ ಮುಟ್ಟಲೇಬೇಡ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಸೀಲಿನಲ್ಲಿ ಎಣ್ಣೆ ಜಿನುಗಿದೆಯಾ ಅಂತ ಬೆರಳು ಸವರಿ ನೋಡು. ಎಂಜಿನ್ ತಣ್ಣಗೆ ಮಾಡುವ ರೇಡಿಯೇಟರಿನ ತೆಳು ತಗಡುಗಳು, ಅದೇ ಫಿನ್ನುಗಳು, ಕಲ್ಲೇಟಿಗೆ ಮಡಚಿಕೊಂಡಿವೆಯಾ ಅಂತ ಟಾರ್ಚು ಹಿಡಿದು ನೋಡು.


ಶಿಂಷಾ ದಂಡೆ

ಎಲ್ಲರೂ ಎಂಜಿನ್ ಬಗ್ಗೆ ಮಾತಾಡುತ್ತಿದ್ದೀರಿ. ಇದನ್ನು ಓಡಿಸುವುದು ಎಲ್ಲಿ ಸರ್?

ನಾನು ಮದ್ದೂರಿನವನು. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ ನಮ್ಮ ಕಣ್ಣೆದುರೇ ಎದ್ದು ನಿಂತಿದ್ದು. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಪ್ರಧಾನಿ ಉದ್ಘಾಟನೆ ಮಾಡಿದರು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದ್ ಆಯಿತು. ಒಂದು ಲೀಟರ್ ಎಂಜಿನ್ನಿನ, ಚಕ್ರ ಜಾರದಂತೆ ತಡೆಯುವ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಇರುವ ಗಾಡಿಗೂ ಒಂದೇ ನಿಯಮ, ಮೊಪೆಡ್ಡಿಗೂ ಒಂದೇ ನಿಯಮ. ನಾವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬೈಪಾಸ್ ಬಂದ ಕಡೆ ಹಳೆಯ ರಸ್ತೆ ಹಿಡಿದು ಊರೊಳಗೆ ಇಳಿಯಬೇಕು. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ. ಕಾರಿನವರು ಒಂದೂವರೆ ಗಂಟೆಯಲ್ಲಿ ಮುಗಿಸುವ ದಾರಿ ನಮಗೆ ಮೂರು ಗಂಟೆ.

ನಿಷೇಧ ತಂದಿದ್ದು ಯಾಕೆ ಅಂತ ನನಗೆ ಗೊತ್ತು. ರಸ್ತೆ ತೆರೆದ ಮೊದಲ ತಿಂಗಳುಗಳಲ್ಲಿ ಅಪಘಾತ ಜಾಸ್ತಿ ಆದವು. 100ರಲ್ಲಿ ಬರುವ ಕಾರಿನ ಮುಂದೆ 40ರಲ್ಲಿ ಹೋಗುವ ಗಾಡಿ ಅಡ್ಡ ಬಂದರೆ ಏನಾಗುತ್ತದೆ ಅಂತ ನಮ್ಮ ಊರಿನವರು ನೋಡಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಎಲ್ಲ ದ್ವಿಚಕ್ರವನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಸರಿಯಾ? ಜಪಾನಿನಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಕ್ಸ್‌ಪ್ರೆಸ್‌ವೇ ತೆರೆದೇ ಇದೆ. ಈ ಗಾಡಿ ಹುಟ್ಟಿದ ದೇಶದಲ್ಲೇ ಅದನ್ನು ಓಡಿಸಲು ರಸ್ತೆ ಇದೆ. ಇಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಶೇ 18 ಜೀವಾವಧಿ ತೆರಿಗೆ ಕಟ್ಟಿಸಿಕೊಂಡು, ಆಮೇಲೆ ಪಕ್ಕದ ರಸ್ತೆಗೆ ಹೋಗು ಅನ್ನುತ್ತಾರೆ.

ಸಿಸಿ ನೋಡಿ ಅನುಮತಿ ಕೊಡಿ ಅಂತ ಒಂದು ಮನವಿ ಬರೆಯೋಣ. ವೇಗದ ಮಿತಿ ಹಾಕಲಿ, ಹೆಲ್ಮೆಟ್ಟು, ಜಾಕೆಟ್ಟು ಕಡ್ಡಾಯ ಮಾಡಲಿ, ಟೋಲ್ ಬೇಕಾದರೂ ತೆಗೆದುಕೊಳ್ಳಲಿ. ನಾನು ಕಟ್ಟುತ್ತೇನೆ. ಇಲ್ಲಿರುವವರು ಎಷ್ಟು ಜನ ಸಹಿ ಹಾಕುತ್ತೀರಿ?


ಬೋಗಾದಿ ಸವಾರ

ಶಿಂಷಾ ಸರ್, ನನ್ನ ಸಹಿ ಇದೆ. ಕರಡು ಬರೆದು ಇಲ್ಲೇ ಹಾಕಿ, ತಿದ್ದೋಣ.


ಡೊಮಿನಾರ್ ಪಾಂಡವಪುರ

ನಾನು ಓಡಿಸುವುದು ಬಜಾಜ್ ಡೊಮಿನಾರ್ 400. ಇಲ್ಲಿ ಬರೆಯಬಹುದಾ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಸರ್ವಿಸ್ ರಸ್ತೆಯ ಕಥೆ ನನಗೆ ದಿನವೂ ಇದ್ದದ್ದು, ಅದಕ್ಕೆ.

ಈಗ ಕಬ್ಬು ಅರೆಯುವ ಕಾಲ. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡು ಟ್ರೇಲರ್ ಎಳೆದುಕೊಂಡು ಸಾಲಾಗಿ ಹೋಗುತ್ತವೆ. ಹಿಂದೆ ಲೈಟು ಇರುವುದಿಲ್ಲ. ರಸ್ತೆ ತುಂಬ ಜಲ್ಲೆ ಬಿದ್ದಿರುತ್ತದೆ, ಅದರ ಮೇಲೆ ಮುಂದಿನ ಚಕ್ರ ಹತ್ತಿದರೆ ಯಾವ ಟೈರೂ ನಿಲ್ಲುವುದಿಲ್ಲ. ಇನ್ನು ಸ್ವಲ್ಪ ದಿನ ಹೋದರೆ ಹಳ್ಳಿ ರಸ್ತೆಗಳಲ್ಲಿ ಒಕ್ಕಣೆ ಶುರು. ರಾಗಿ, ಹುರುಳಿ ಎಲ್ಲ ಟಾರಿನ ಮೇಲೇ ಹರಡುತ್ತಾರೆ. ಕಣ ಮಾಡಲು ಜಾಗ ಇಲ್ಲದವರು ಎಲ್ಲಿಗೆ ಹೋಗಬೇಕು, ಅವರನ್ನು ಬೈಯುವುದಿಲ್ಲ. ಆದರೆ ಹುರುಳಿ ಬಳ್ಳಿ ಒಂದು ಸಲ ಹಿಂದಿನ ಚಕ್ರಕ್ಕೆ ಸುತ್ತಿತು ಅಂದರೆ ನೇರ ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಚೈನಿನ ಒಳಗೆ, ಆಕ್ಸಲಿನ ಸುತ್ತ ಹಗ್ಗ ಹೊಸೆದ ಹಾಗೆ ಬಿಗಿದುಕೊಳ್ಳುತ್ತದೆ. ಕತ್ತರಿಯಲ್ಲಿ ಕತ್ತರಿಸಿ ಎಳೆ ಎಳೆಯಾಗಿ ತೆಗೆಯಬೇಕು. ಬಿಸಿ ಸೈಲೆನ್ಸರಿಗೆ ಒಣ ಬಳ್ಳಿ ಅಂಟಿದರೆ ಬೆಂಕಿಯೂ ಹತ್ತುತ್ತದೆ.

1100ಎಸ್‌ಎಕ್ಸ್‌ನ ಹೊಟ್ಟೆ ನೆಲದಿಂದ 135 ಮಿ.ಮೀ. ಎತ್ತರ ಅಷ್ಟೇ. ಸೈಲೆನ್ಸರ್ ಪೈಪೆಲ್ಲ ಅಲ್ಲೇ ಕೆಳಗೆ. ಹೊಸ ಮಾದರಿಯಲ್ಲಿ ಇದನ್ನೂ ಸ್ವಲ್ಪ ಎತ್ತರಿಸಬಹುದಿತ್ತು ಅಂತ ನನ್ನ ಅನಿಸಿಕೆ. 238 ಕೆಜಿ ಗಾಡಿಯನ್ನು ಒಕ್ಕಣೆ ನಡುವೆ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಕೆಳಗೆ ಬಗ್ಗಿ ಬಳ್ಳಿ ಬಿಡಿಸುವುದು ಸುಲಭದ ಕೆಲಸ ಅಲ್ಲ.

ನನ್ನ ಗಾಡಿ 373 ಸಿಸಿ, 40 ಪಿಎಸ್. ಉದ್ದ ವಿಂಡ್‌ಶೀಲ್ಡು, ಕೈಗೆ ಗಾರ್ಡು, ಹಿಂದೆ ಕ್ಯಾರಿಯರ್ರು 2021ರಿಂದ ಕಂಪನಿಯಿಂದಲೇ ಹಾಕಿ ಕೊಡುತ್ತಿದ್ದಾರೆ. ಇದೇ ಗಾಡಿಯಲ್ಲಿ ಮಡಿಕೇರಿ, ಊಟಿ, ಮಲೆ ಮಹದೇಶ್ವರ ಬೆಟ್ಟ ಎಲ್ಲ ನೋಡಿದ್ದೇನೆ. ದೊಡ್ಡ ಗಾಡಿಯ ಆಸೆ ನನಗೂ ಇದೆ. ಆದರೆ ಆ ದುಡ್ಡಿಗೆ ನನ್ನ ರಸ್ತೆ ತಕ್ಕದ್ದಾಗಿಲ್ಲ.


ಕುವೆಂಪುನಗರ ಸವಾರ್ತಿ

ಪಾಂಡವಪುರ ಅಣ್ಣ, ನೀವು ಬರೆದದ್ದೇ ಸರಿ ಆಯಿತು. ಒಕ್ಕಣೆಯ ವಿಷಯ ಯಾವ ರಿವ್ಯೂನಲ್ಲೂ ಇರುವುದಿಲ್ಲ.

ನನ್ನದು ಬೇರೆ ಪ್ರಶ್ನೆ, ಬಿಸಿಯದ್ದು. ನನ್ನ ಯಜಮಾನರ 1000ಎಸ್‌ಎಕ್ಸ್ ನಾನೂ ಓಡಿಸುತ್ತೇನೆ. ಬೆಳಿಗ್ಗೆ ಆರಕ್ಕೆ ಹೊರಟರೆ ಸ್ವರ್ಗ. ವಾಪಸ್ ಬರುವಾಗ ಸಂಜೆ ಬೆಂಗಳೂರು ರಸ್ತೆಯಿಂದ ರಿಂಗ್ ರೋಡ್ ಸೇರುವ ಜಂಕ್ಷನ್‌ನಲ್ಲಿ ನಿಂತುಬಿಡುತ್ತೇವೆ. ಫ್ಯಾನ್ ಶುರುವಾಗುತ್ತದೆ. ಬಲಗಡೆ ತೊಡೆಯ ಒಳಗೆ, ಮೊಣಕಾಲಿನ ಸ್ವಲ್ಪ ಮೇಲೆ, ಅಲ್ಲಿಗೇ ನೇರ ಬಿಸಿಗಾಳಿ ಬಡಿಯುತ್ತದೆ. ಜೀನ್ಸ್ ಹಾಕಿದ್ದರೂ ಚುರುಕ್ ಅನ್ನುತ್ತದೆ. ಏಪ್ರಿಲ್ ತಿಂಗಳಲ್ಲಿ ರೈಡಿಂಗ್ ಪ್ಯಾಂಟ್ ಇಲ್ಲದೆ ಆ ಸಿಗ್ನಲ್ ದಾಟುವುದು ಕಷ್ಟ. ಎಂಜಿನ್ ದೊಡ್ಡದಾಗಿದೆ ಅಂದರೆ ಬಿಸಿಯೂ ಜಾಸ್ತಿ ಆಗುತ್ತದಾ?

ಇನ್ನೊಂದು ಹಿಂದಿನ ಸೀಟು. ಟೂರಿಂಗ್ ಅಂದಮೇಲೆ ಇಬ್ಬರು ಹೋಗುವ ಗಾಡಿ. ನಾನು ಅರ್ಧ ದಾರಿ ಮುಂದೆ, ಅರ್ಧ ದಾರಿ ಹಿಂದೆ. ಹಿಂದೆ ಕೂತಾಗ ಮಂಡಿ ಹೆಚ್ಚು ಮಡಚಬೇಕಾಗುತ್ತದೆ. ಹುಣಸೂರು ದಾಟಿ ಪಿರಿಯಾಪಟ್ಟಣ ಬರುವಷ್ಟರಲ್ಲಿ ಇಳಿದು ನಡೆಯಬೇಕು ಅನ್ನಿಸುತ್ತದೆ. ಪ್ಯಾನಿಯರ್, ಅದೇ ಪಕ್ಕಕ್ಕೆ ಹಾಕುವ ಪೆಟ್ಟಿಗೆ, ಅದರ ಬಗ್ಗೆ ಮಾತ್ರ ದೂರಿಲ್ಲ. ಒಂದೊಂದು 28 ಲೀಟರ್, ಇಬ್ಬರ ಬಟ್ಟೆ ಆರಾಮಾಗಿ ಹಿಡಿಸುತ್ತದೆ, ತೆಗೆದಾಗ ಗಾಡಿ ಬೋಳಾಗಿಯೂ ಕಾಣುವುದಿಲ್ಲ. ಟೂಲ್ ಇಲ್ಲದೆ ಮೇಲೆ ಕೆಳಗೆ ಮಾಡುವ ವಿಂಡ್‌ಶೀಲ್ಡು ಕೂಡ ನನ್ನಂಥ ಕುಳ್ಳಗಿರುವವರಿಗೆ ಬಹಳ ಒಳ್ಳೆಯದು.

ಇದನ್ನು ವಿನ್ಯಾಸ ಮಾಡುವವರು ಹಿಂದೆ ಕೂರುವವರನ್ನು ಕೇಳಬೇಕು. ಅಂಕಿಗಳ ಪಟ್ಟಿಯಲ್ಲಿ ಅವರಿಗೆ ಒಂದು ಸಾಲೂ ಇರುವುದಿಲ್ಲ.


ಲಷ್ಕರ್ ಮೊಹಲ್ಲಾ ಗ್ಯಾರೇಜು

ಅಕ್ಕಾ, ಬಿಸಿ ಎಷ್ಟಿದೆ ಅಂತ ಗಾಡಿ ಇಲ್ಲಿ ಬಂದು ನಮ್ಮ ಟ್ರಾಫಿಕ್ಕಿನಲ್ಲಿ ನಿಂತ ಮೇಲೆಯೇ ಹೇಳಬೇಕು. ಸದ್ಯ ಇರುವ ಗಾಡಿಗೆ ಒಂದು ಕೆಲಸ ಮಾಡಿಸಿ. ಕೂಲೆಂಟ್ ಹಳೆಯದಾಗಿದ್ದರೆ ಬದಲಾಯಿಸಿ. ರೇಡಿಯೇಟರಿನಲ್ಲಿ ಕೂತ ಹುಳ, ಮಣ್ಣನ್ನು ಹಿಂದಿನಿಂದ ಮೆಲ್ಲಗೆ ನೀರು ಬಿಟ್ಟು ತೊಳೆಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ನು ಮಲಗಿಬಿಡುತ್ತವೆ, ಆಮೇಲೆ ಗಾಳಿ ಹೋಗುವುದಿಲ್ಲ. ವಾಟರ್ ವಾಷಿನ ಹುಡುಗರಿಗೆ ಮುಂಚೆಯೇ ಹೇಳಿ.


ಯಾದವಗಿರಿ ರೋಡ್‌ಕಿಂಗ್

ಹಿರಿಯನಾಗಿ ಒಂದು ಮಾತು. ನಾನು ಈಗಲೂ ಓಡಿಸುವುದು ಯೆಜ್ಡಿ ರೋಡ್‌ಕಿಂಗ್. ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕು ತಯಾರಾದವು, 1996ರಲ್ಲಿ ಬಾಗಿಲು ಮುಚ್ಚಿತು. ಆಮೇಲೂ ಇಷ್ಟು ವರ್ಷ ಈ ಗಾಡಿಗಳು ಓಡುತ್ತಿವೆ ಅಂದರೆ ಕಾರಣ ಒಂದೇ. ಬಿಚ್ಚಿ ಕಟ್ಟಲು ಬರುವ ಕೈಗಳು ಊರಿನಲ್ಲೇ ಇದ್ದವು. ಕಾರ್ಬುರೇಟರ್, ಮ್ಯಾಗ್ನೆಟ್, ಪಾಯಿಂಟ್, ಎಲ್ಲ ಇಲ್ಲೇ ರಿಪೇರಿ ಆಗುತ್ತದೆ. ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನಕ್ಕೆ ಬನ್ನಿ, ಮಕ್ಕಳು ಅಪ್ಪನ ಗಾಡಿ ಒದ್ದು ಸ್ಟಾರ್ಟ್ ಮಾಡುವುದನ್ನು ನೋಡುತ್ತೀರಿ.

ನಿಮ್ಮ ಹೊಸ ಗಾಡಿ ಚೆನ್ನಾಗಿದೆ. ನೋಡಲೂ ಚಂದ. ನಾನು ಕೇಳುವುದು ಇಷ್ಟೇ. ಅದರ ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ ಯಾರು ನೋಡುತ್ತಾರೆ? ಬ್ರೇಕ್ ಲಿವರ್ ಮುರಿದರೆ ಎಷ್ಟು ದಿನಕ್ಕೆ ಬರುತ್ತದೆ? ನನ್ನ ತಮ್ಮನ ಮಗ ಒಂದು ದೊಡ್ಡ ಬೈಕು ಇಟ್ಟಿದ್ದಾನೆ, ಕಂಪನಿ ಬೇರೆ, ಹೆಸರು ಬೇಡ. ಒಂದು ಸಣ್ಣ ಸೆನ್ಸರಿಗೆ ಮಳೆಗಾಲ ಪೂರ್ತಿ ಗಾಡಿ ಮನೆಯಲ್ಲಿ ನಿಂತಿತ್ತು. ಬುಕ್ ಮಾಡುವ ಮುಂಚೆ ಶೋರೂಮಿನವರ ಹತ್ತಿರ ಕುಳಿತು ಬಿಡಿಭಾಗದ ವಿಷಯ ಕೇಳಿ. ಬಣ್ಣ ಆಮೇಲೆ ಆರಿಸಿದರಾಯಿತು.


ಬೋಗಾದಿ ಸವಾರ

ಸರ್, ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನನ್ನ ಗಾಡಿಯ ಸರ್ವಿಸ್ ಮಾಡಿಸುವುದು ಬೆಂಗಳೂರಿನಲ್ಲಿ. ಹೋಗಲು ಒಂದು ದಿನ, ತರಲು ಇನ್ನೊಂದು ದಿನ, ಅದೂ ಶಿಂಷಾ ಸರ್ ಹೇಳಿದ ಅದೇ ಸರ್ವಿಸ್ ರಸ್ತೆಯಲ್ಲಿ. ಸಮಾಧಾನ ಏನೆಂದರೆ 1100 ಪೂರ್ತಿ ಹೊಸ ಗಾಡಿ ಅಲ್ಲ. 2011ರ ಮಾದರಿಯಿಂದ ಸಣ್ಣ ಸಣ್ಣದಾಗಿ ತಿದ್ದಿಕೊಂಡು ಬಂದ ಗಾಡಿ. ಅಷ್ಟು ವರ್ಷ ಓಡಿ ಗಟ್ಟಿ ಅಂತ ಹೆಸರು ಮಾಡಿರುವ ಎಂಜಿನ್ನಿನ ಮುಂದಿನ ರೂಪ ಇದು. ಹೊಸದಾಗಿ ಹುಟ್ಟಿದ ಗಾಡಿಯ ಮೊದಲ ವರ್ಷದ ತೊಂದರೆಗಳು ಇದರಲ್ಲಿ ಕಮ್ಮಿ ಇರುತ್ತವೆ ಅಂತ ನಾನು ನಂಬಿದ್ದೇನೆ.


ಹಾರೋಹಳ್ಳಿ ವರ್ಸಿಸ್

ಯಾರೂ ಕವಾಸಾಕಿಯದ್ದೇ ವರ್ಸಿಸ್ ಹೆಸರು ಎತ್ತಲಿಲ್ಲವಲ್ಲ. ಅದಕ್ಕೂ ಇದೇ 1099 ಸಿಸಿ ಎಂಜಿನ್ ಬರುತ್ತಿದೆ. ಸಸ್ಪೆನ್ಶನ್ ಓಡಾಟ ಜಾಸ್ತಿ, ಟ್ಯಾಂಕು 21 ಲೀಟರ್, ನೆಟ್ಟಗೆ ಕೂರಬಹುದು, ಹಿಂದಿನ ಸೀಟು ದೊಡ್ಡದು. ಹಂಪು, ಗುಂಡಿ, ಒಕ್ಕಣೆ, ಮಂಡಿ ನೋವು, ಇಲ್ಲಿ ಬಂದ ಅರ್ಧ ದೂರುಗಳಿಗೆ ಅದೇ ಉತ್ತರ. ಅಷ್ಟು ದುಡ್ಡು ಬೇಡ ಅನ್ನುವವರು ಟ್ರಯಂಫ್ ಟೈಗರ್ ಸ್ಪೋರ್ಟ್ 660 ನೋಡಿ.


ಬೋಗಾದಿ ಸವಾರ

ಹಾರೋಹಳ್ಳಿ ಅಣ್ಣ, ವರ್ಸಿಸ್ ಒಳ್ಳೆಯ ಗಾಡಿ, ಒಪ್ಪಿದೆ. ಓಡಿಸಿಯೂ ನೋಡಿದ್ದೇನೆ. ಆದರೆ ನಾನು ಎಸ್‌ಎಕ್ಸ್‌ಗೇ ಅಂಟಿಕೊಂಡಿರುವುದಕ್ಕೆ ಕಾರಣ ತಿರುವು. ಮಸಿನಗುಡಿಯಿಂದ ಕಲ್ಲಟ್ಟಿ ಹತ್ತುವಾಗ 36 ಹೇರ್‌ಪಿನ್. ಎಸ್‌ಎಕ್ಸ್‌ನಲ್ಲಿ ಮುಂದಿನ ಚಕ್ರ ಏನು ಮಾಡುತ್ತಿದೆ ಅಂತ ಅಂಗೈಗೆ ಗೊತ್ತಾಗುತ್ತದೆ. ಟಾರಿನ ಮೇಲೆ ಬಿದ್ದ ಸಣ್ಣ ಜಲ್ಲಿಯೂ ಹ್ಯಾಂಡಲ್‌ಗೆ ಸುದ್ದಿ ಕೊಡುತ್ತದೆ. ಎತ್ತರದ ಗಾಡಿಯಲ್ಲಿ ಆ ಸುದ್ದಿ ತಡವಾಗಿ ಬರುತ್ತದೆ ಅಂತ ನನಗೆ ಅನ್ನಿಸಿತು. ಸ್ಪೋರ್ಟ್ ಬೈಕಿನ ಆ ಗುಣ ಇಟ್ಟುಕೊಂಡು, ಬೆನ್ನು ಬಗ್ಗಿಸದೆ ಊಟಿ ತನಕ ಹೋಗಿ ಬರುವುದು ಇದರಲ್ಲಿ ಸಾಧ್ಯ. ಇದು ಬೇಕು ಅನ್ನುವವರಿಗೆ ಇಲ್ಲಿ ಆಯ್ಕೆ ಬಹಳ ಕಮ್ಮಿ. ಸುಜುಕಿಯ ಜಿಎಸ್‌ಎಕ್ಸ್-ಎಸ್1000ಜಿಟಿ ನಮ್ಮ ದೇಶಕ್ಕೆ ಬರಲೇ ಇಲ್ಲ. ಯಮಹಾ ಟ್ರೇಸರ್ 9 ಕೂಡ ಬರಲಿಲ್ಲ. ಅದಕ್ಕೇ ಈ ಒಂದು ಗಾಡಿಯ ಬಗ್ಗೆ ನಮಗೆ ಇಷ್ಟು ಕಾತರ.


ಗುತ್ತಲು ಹುಡುಗ

ಬೆಲೆ ಬಂತು ಎಲ್ಲರಿಗೂ! 13.49 ಲಕ್ಷ, ಎಕ್ಸ್‌ಶೋರೂಂ. 2024ರ ಡಿಸೆಂಬರ್ ಮುಗಿಯುವ ಮುಂಚೆಯೇ ಬಿಡುಗಡೆ ಆಯಿತು. 1000ಎಸ್‌ಎಕ್ಸ್ 2020ರಲ್ಲಿ ಬಂದಾಗ 10.79 ಲಕ್ಷ ಇತ್ತು. ನಮ್ಮ ರಾಜ್ಯದ ತೆರಿಗೆಯೇ ಎರಡೂವರೆ ಲಕ್ಷದ ಹತ್ತಿರ ಬರುತ್ತದೆ. ಅದರ ಮೇಲೆ ಇನ್ಶೂರೆನ್ಸ್, ಪ್ಯಾನಿಯರ್ ಬೇರೆ.

ಗ್ಯಾರೇಜಣ್ಣ, ನೀವು ಹೇಳಿದ್ದನ್ನು ಇಟ್ಟುಕೊಂಡು ತೀರ್ಮಾನ ಮಾಡಿದ್ದೇನೆ. ಹೊಸದು ನನ್ನ ಕೈಗೆ ಎಟುಕುವುದಿಲ್ಲ. ಇದು ಬಂದ ಮೇಲೆ ತುಂಬ ಜನ ಹಳೆಯದನ್ನು ಮಾರುತ್ತಾರೆ. ದಾಖಲೆ ಸರಿ ಇರುವ 2020ರ ನಂತರದ ಗಾಡಿ ಹುಡುಕುತ್ತೇನೆ. ಸಿಕ್ಕಿದರೆ ನೋಡಲು ನೀವೂ ಬರಬೇಕು.


ಲಷ್ಕರ್ ಮೊಹಲ್ಲಾ ಗ್ಯಾರೇಜು

ಬರುತ್ತೇನೆ ತಮ್ಮಾ. ಭಾನುವಾರ ಇಟ್ಟುಕೋ. ಗಾಡಿ ತಣ್ಣಗಿರುವಾಗ ನೋಡಬೇಕು, ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರಬಾರದು ಅಂತ ಹೇಳಿಬಿಡು.


ಶಿಂಷಾ ದಂಡೆ

ಮನವಿಯ ಕರಡು ಹಾಕಿದ್ದೇನೆ, ಓದಿ. 400 ಸಿಸಿ ಮಿತಿ ಅಂತ ಬರೆದಿದ್ದೆ. ಪಾಂಡವಪುರದವರ ಡೊಮಿನಾರ್ 373 ಸಿಸಿ, ಅದು ಹೊರಗೆ ಉಳಿಯಬಾರದು ಅಂತ 300ಕ್ಕೆ ಇಳಿಸಿದ್ದೇನೆ. ಅಭ್ಯಂತರ ಇದ್ದರೆ ಹೇಳಿ.


ಡೊಮಿನಾರ್ ಪಾಂಡವಪುರ

ತುಂಬಾ ಥ್ಯಾಂಕ್ಸ್ ಸರ್. ಸಹಿ ಹಾಕಿದೆ. ನಮ್ಮ ಊರಿನ ಹುಡುಗರ ಹತ್ತಿರವೂ ಹಾಕಿಸುತ್ತೇನೆ.


ಬೋಗಾದಿ ಸವಾರ

ಟೆಸ್ಟ್ ರೈಡ್‌ಗೆ ಬೆಂಗಳೂರಿಗೆ ಹೋಗುತ್ತಿದ್ದೇನೆ. ಯಾದವಗಿರಿ ಸರ್ ಹೇಳಿದ ಹಾಗೆ ಬ್ರೇಕ್ ಲಿವರ್, ಫೂಟ್‌ಪೆಗ್, ರೇಡಿಯೇಟರ್ ಗಾರ್ಡ್, ಇವು ಸ್ಟಾಕ್ ಇವೆಯಾ ಅಂತ ಮೊದಲು ಕೇಳುತ್ತೇನೆ. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಬಿಸಿಯೂ ನೋಡುತ್ತೇನೆ. ಬೇರೆ ಏನಾದರೂ ಕೇಳಬೇಕಿದ್ದರೆ ಇಲ್ಲೇ ಬರೆಯಿರಿ.


ಕುವೆಂಪುನಗರ ಸವಾರ್ತಿ

ಅಣ್ಣ, ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಹಿಂದೆ ಕೂರಿಸಿಕೊಂಡೇ ಓಡಿಸಿ ನೋಡಿ. ಹಳೆಯ ಗಾಡಿಯ ಪ್ಯಾನಿಯರ್ ಇದಕ್ಕೆ ಕೂರುತ್ತದಾ ಅಂತಲೂ ಕೇಳಿಕೊಂಡು ಬನ್ನಿ, ನಮ್ಮದು ಹೊಸದಾಗಿಯೇ ಇದೆ.